ಪದ ಬೇಕು: ನ್ಯುಮೋನಿಯಾ ವಾಸಿಯಾದ ಮೇಲೂ ಬಿಡದ ಎದೆನೋವು

ಎಲ್ಲರಿಗೂ ನಮಸ್ಕಾರ. ರೋಗಿಗಳಿಗೆ ಹಂಚುವ ಕರಪತ್ರವೊಂದನ್ನು ಅನುವಾದ ಮಾಡುತ್ತಿದ್ದೇನೆ. ನಾಳೆಯೇ ಅಚ್ಚಿಗೆ ಹೋಗಬೇಕು. ನ್ಯುಮೋನಿಯಾ ಬಿಟ್ಟು ಎಷ್ಟೋ ದಿನವಾದರೂ ಉಸಿರು ಎಳೆದಾಗ, ಕೆಮ್ಮಿದಾಗ ಎದೆಯ ಒಂದು ಬದಿ ಚುಚ್ಚುತ್ತದಲ್ಲ, ಅದಕ್ಕೆ ಏನನ್ನೋಣ? ಬರೀ 'ಎದೆನೋವು' ಅಂದರೆ ಓದುವವರು ಹೃದಯಾಘಾತವೇ ಅಂತ ಗಾಬರಿ ಬೀಳುತ್ತಾರೆ. ಒಬ್ಬರು 'ನ್ಯುಮೋನಿಯೋತ್ತರ ವಕ್ಷಃಶೂಲೆ' ಅಂದರು. ಓದಿದರೇ ಉಸಿರು ಕಟ್ಟುತ್ತದೆ.

> ನ್ಯುಮೋನಿಯೋತ್ತರ
ಗ್ರೀಕ್ ಮಾತಿಗೆ ಸಂಸ್ಕೃತದ ಗುಣಸಂಧಿ! ಕಸದ ಬುಟ್ಟಿಗೆ ಹಾಕಿ. 'ಉಸಿರುಚೀಲದ ಅಳಲು' ಅನ್ನಿ, ಸಾಕು.

> ಉಸಿರುಚೀಲದ ಅಳಲು
ಅಳಲು ಅಂದರೆ ದುಃಖ ಮಾರಾಯರೇ, ಚುಚ್ಚುವ ನೋವಲ್ಲ. ಅದೂ ಅಲ್ಲದೆ ಶ್ವಾಸಕೋಶದ ಒಳಗೆ ನೋವು ತಿಳಿಸುವ ನರಗಳೇ ಇಲ್ಲ. ನೋಯುವುದು ಪಕ್ಕೆಯ ಒಳಮೈಗೆ ಅಂಟಿರುವ ತೆಳು ಪೊರೆ. ಕೆಮ್ಮಿ ಕೆಮ್ಮಿ ಸೋತ ಪಕ್ಕೆಲುಬಿನ ಸ್ನಾಯುಗಳೂ ನೋಯುತ್ತವೆ. ಆ ಪೊರೆ ಊದಿಕೊಂಡರೆ ಪ್ಲೂರಿಸಿ ಅನ್ನುತ್ತಾರಲ್ಲ, ಅದರ ಮೂಲವಾದ ಗ್ರೀಕಿನ ಪ್ಲೂರಾ ಅಂದರೂ ಪಕ್ಕೆಯೇ! ನಮ್ಮವರು ಯಾವ ಗ್ರೀಕನ್ನೂ ಓದದೆ 'ಪಕ್ಕೆ ಹಿಡಿದಿದೆ', 'ಪಕ್ಕೆಯಲ್ಲಿ ಚಳುಕು' ಅನ್ನುತ್ತಾರೆ. ಸುಮ್ನೆ ಕೂತಾಗ ಇರದೆ, ಉಸಿರೆಳೆದ ಗಳಿಗೆಯಲ್ಲೇ ಫಟ್ಟನೆ ಹೊಡೆಯುವ ನೋವಿಗೆ ಚಳುಕಿಗಿಂತ ಒಳ್ಳೆಯ ಮಾತು ಯಾವುದಿದೆ? 'ಪಕ್ಕೆ ಚಳುಕು' ಹಾಕಿ.

> ಪಕ್ಕೆ ಚಳುಕು
ಪಕ್ಕ, ಪಕ್ಕೆ ಎಲ್ಲ ಸಂಸ್ಕೃತದ 'ಪಕ್ಷ'ದಿಂದ ಬಂದವು. ಉಸಿರುಚೀಲ ಬೇಡ, ಈ ಸಾಲ ಮಾತ್ರ ಬೇಕಾ?

ತದ್ಭವ ಸಾಲವಲ್ಲ. ನಾಲಿಗೆಗೆ ಒಗ್ಗಿದ್ದು ಕನ್ನಡ. ಈ ಮಡಿವಂತಿಕೆಯಿಂದಲೇ ಜನ ಕನ್ನಡದ ಕರಪತ್ರ ಪಕ್ಕಕ್ಕಿಟ್ಟು ಇಂಗ್ಲಿಷಿನದು ಓದುವುದು.

ಓದುವುದಿಲ್ಲ ಅಂತ ಕನ್ನಡವನ್ನೇ ಬಿಟ್ಟುಬಿಡೋಣವೇ? ನಮಸ್ಕಾರ.

ಸ್ವಾಮಿ, ಜಗಳ ನಾಳೆ ಮುಂದುವರಿಸಿ. ತಲೆಬರಹ 'ವಾಸಿಯಾದ ಮೇಲೂ ಬಿಡದ ಪಕ್ಕೆ ಚಳುಕು' ಎಂದು ಮಾಡಿದ್ದೇನೆ. ಕೆಳಗೆ, ಜಾಸ್ತಿ ಜನಕ್ಕೆ ಸುಮಾರು 4 ವಾರದಲ್ಲಿ ಇದು ತಗ್ಗುತ್ತದೆ, ಸುಸ್ತು ಮಾತ್ರ ತಿಂಗಳುಗಟ್ಟಲೆ ಇರಬಹುದು ಎಂದಿದೆ. ಆದರೆ ಕೊನೆಯ ಎಚ್ಚರಿಕೆಯಲ್ಲಿ ಚಳುಕು ಬಳಸಿಲ್ಲ. 'ಎದೆನೋವು ಹೆಚ್ಚಿದರೆ, ಉಸಿರು ಸಿಗದಿದ್ದರೆ, ಕಫದಲ್ಲಿ ರಕ್ತ ಕಂಡರೆ ಕೂಡಲೇ ಡಾಕ್ಟರ ಬಳಿ ಹೋಗಿ' ಎಂದೇ ಇಟ್ಟಿದ್ದೇನೆ. ಅಲ್ಲಿ ಓದುವವರು ಗಾಬರಿ ಬಿದ್ದರೂ ಪರವಾಗಿಲ್ಲ, ಅಲ್ವಾ?