ಅಜ್ಜ 1971ರಾಗ ಕಮಾಂಡೊ ಇದ್ರಾ? ದಾಖಲೆ ಎಲ್ಲಿ ಸಿಗ್ತದ?

ಹಡಪ್ಸರ್ ಮೊಮ್ಮಗ (ಪುಣೆ)

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಅಜ್ಜ ಗೋಕಾಕ ಕಡೆಯವರು, ಬೆಳಗಾವಿಯಾಗ ಮರಾಠಾ ಲೈಟ್ ಇನ್‌ಫಂಟ್ರಿಗೆ ಭರ್ತಿ ಆದವರು. 1971ರ ಯುದ್ಧದಾಗ ಕಮಾಂಡೊ ಇದ್ರು, ವಿಮಾನದಿಂದ ಜಿಗಿದು ಈಗಿನ ಬಾಂಗ್ಲಾದೇಶದ ಟಾಂಗೈಲ್ ಹತ್ತಿರ ಸೇತುವೆ ಹಿಡಿದ್ರು ಅಂತ ಮನ್ಯಾಗ ಹೇಳ್ತಾರ. ಮುಂಬೈಯಾಗಿರೋ ಕಾಕಾ ಮಾತ್ರ ‘ಇಲ್ಲ, ಮರುಭೂಮಿಯಾಗ ಜೀಪ್ ಹತ್ತಿ ಪಾಕಿಸ್ತಾನದ ಒಳಗ ಹೋಗಿದ್ರು’ ಅಂತಾರ. ಅಜ್ಜ ಈಗ ಇಲ್ಲ. ಕೈಯಾಗ ಇರೋದು ಕಪ್ಪಾದ ಮೂರು ಪದಕ, ಪ್ಯಾರಾಶೂಟ್ ರೆಕ್ಕೆ ಇರೋ ಯೂನಿಫಾರ್ಮಿನ ಒಂದು ಫೋಟೊ, ಆಕಾಶದ ತುಂಬ ಪ್ಯಾರಾಶೂಟ್ ಇರೋ ಪೇಪರ್ ಕಟಿಂಗ್, ಅಜ್ಜಿಯ ಫ್ಯಾಮಿಲಿ ಪೆನ್ಶನ್ ಆದೇಶದ ಪತ್ರ (ಪಿಪಿಒ). ಡಿಸ್ಚಾರ್ಜ್ ಬುಕ್ ಸಿಕ್ಕಿಲ್ಲ. ಯಾವುದು ಖರೆ ಅಂತ ಹೆಂಗ ಗೊತ್ತು ಮಾಡ್ಕೋಬೇಕು?

ಖಡಕಿ ಕನ್ನಡಿಗ

ಮೊದಲು ಪದಕ. ದಯವಿಟ್ಟು ಹುಣಸೆಹಣ್ಣು, ಬ್ರಾಸೊ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬೇಡಿ. ದುಂಡನೆಯ ಪದಕದ ಅಂಚಿನಲ್ಲಿ ಆರ್ಮಿ ನಂಬರ್, ಹುದ್ದೆ, ಹೆಸರು, ಯೂನಿಟ್ ಸಣ್ಣಕ್ಷರದಲ್ಲಿ ಒತ್ತಿರುತ್ತಾರೆ. ಉಜ್ಜಿದಷ್ಟೂ ಸವೆಯುವುದು ಅದೇ. ಒಣಗಿದ ಮೆತ್ತನೆ ಬ್ರಶ್‌ನಿಂದ ಧೂಳು ತೆಗೆದು, ಕೋಣೆ ಕತ್ತಲು ಮಾಡಿ, ಟಾರ್ಚನ್ನು ಅಂಚಿಗೆ ಸಮಾನಾಂತರವಾಗಿ ಪಕ್ಕದಿಂದ ಹಿಡಿದು, ಪದಕ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಆಗಲೂ ಕಾಣದಿದ್ದರೆ ತೆಳು ಕಾಗದ ಸುತ್ತಿ ಮೆತ್ತನೆ ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಹಗುರವಾಗಿ ತಿಕ್ಕಿದರೆ ಅಕ್ಷರ ಏಳುತ್ತದೆ. ಅಂಚು ಪೂರ್ತಿ ಖಾಲಿ ಇದ್ದರೆ ಅಂಗಡಿಯಲ್ಲಿ ಕೊಂಡ ನಕಲು ಪದಕವಿರಬಹುದು. ಕಳೆದುಹೋದ ಪದಕದ ಬದಲಿಗೆ ಎಷ್ಟೋ ಜನ ಹಾಗೆ ಕೊಂಡಿದ್ದಾರೆ, ಅದರಿಂದ ಅಜ್ಜನ ಸೇವೆ ಸುಳ್ಳಾಗುವುದಿಲ್ಲ.

ನಿಮ್ಮ ಮನೆಯ ವಾದ ಮುಕ್ಕಾಲು ಪಾಲು ತೀರುವುದೂ ಪದಕದಿಂದಲೇ. 1971ರಲ್ಲಿ ಪೂರ್ವದ ರಣರಂಗಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಕ್ಕೆ ಪಶ್ಚಿಮಿ ಸ್ಟಾರ್ ಕೊಟ್ಟರು. ಟಾಂಗೈಲ್ ಆದರೆ ಪೂರ್ವಿ, ಮರುಭೂಮಿ ಆದರೆ ಪಶ್ಚಿಮಿ. ಸಂಗ್ರಾಮ್ ಪದಕ ಎರಡೂ ಕಡೆಯವರಿಗೆ ಬಂದಿದೆ. ಸ್ವಾತಂತ್ರ್ಯದ 25ನೇ ವರ್ಷದ ಪದಕ 1972ರ ಆಗಸ್ಟ್ 15ಕ್ಕೆ ಸೇವೆಯಲ್ಲಿದ್ದವರಿಗೆಲ್ಲ ಸಿಕ್ಕಿತು. ಇವೆರಡರಿಂದ ಏನೂ ನಿರ್ಧಾರವಾಗದು.

ಮಾಟುಂಗಾ ಓದುಗ (ಮುಂಬೈ)

ಕಾಕಾ ಹೇಳುವುದನ್ನು ತಳ್ಳಿಹಾಕಬೇಡಿ. ಎರಡೂ ನಡೆದ ಘಟನೆಗಳೇ, ಆದರೆ ಬೇರೆ ಬೇರೆ ಬೆಟಾಲಿಯನ್‌ಗಳವು. ಅದೇ ಡಿಸೆಂಬರ್ ತಿಂಗಳಲ್ಲಿ ಒಬ್ಬರೇ ಎರಡೂ ಕಡೆ ಇರುವುದು ಆಗದ ಮಾತು.

ಜೀಪಿನಲ್ಲಿ ಸಿಂಧ್‌ನೊಳಗೆ ನುಗ್ಗಿ ಛಾಛ್ರೊ ಮೇಲೆ ದಾಳಿ ಮಾಡಿದ್ದು 10 ಪ್ಯಾರಾ ಕಮಾಂಡೊ. ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಭವಾನಿ ಸಿಂಗ್, ಜೈಪುರದವರು, ಅದಕ್ಕೆ ಮಹಾವೀರ ಚಕ್ರ ಬಂತು. ಪೂಂಛ್ ಕಡೆ ಮಂಧೋಲ್‌ನಲ್ಲಿ ಶತ್ರುವಿನ ಫಿರಂಗಿ ನಾಶ ಮಾಡಿದ್ದು 9 ಪ್ಯಾರಾ ಕಮಾಂಡೊ. ಪ್ಯಾರಾಶೂಟ್ ರೆಜಿಮೆಂಟಿನಲ್ಲಿ ಆಗ ಕಮಾಂಡೊ ಬೆಟಾಲಿಯನ್ ಇದ್ದದ್ದು ಈ ಎರಡೇ.

ಡಿಸೆಂಬರ್ 11ರ ಸಂಜೆ ಟಾಂಗೈಲ್ ಹತ್ತಿರ ಇಳಿದು ಪೂಂಗ್ಲಿ ಸೇತುವೆ ಹಿಡಿದದ್ದು 2 ಪ್ಯಾರಾ, ಅಂದರೆ ಪ್ಯಾರಾಶೂಟ್ ರೆಜಿಮೆಂಟಿನ 2ನೇ ಬೆಟಾಲಿಯನ್. ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು. ಮೈಮನ್‌ಸಿಂಗ್, ಜಮಾಲ್‌ಪುರ ಕಡೆಯಿಂದ ಢಾಕಾಕ್ಕೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನಿ ಬ್ರಿಗೇಡಿಗೆ ದಾರಿ ಕಡಿಯುವುದು ಅವರ ಕೆಲಸ. 2 ಪ್ಯಾರಾದ ಮೂಲ ಮರಾಠಾ ರೆಜಿಮೆಂಟಿನ ಹಳೇ ಪಲ್ಟನ್, ಪ್ಯಾರಾಶೂಟ್ ರೆಜಿಮೆಂಟಿಗೆ ಸೇರಿದ್ದು 1952ರಲ್ಲಿ. ಆದರೆ 1971ರಲ್ಲಿ ಅದು ಪ್ಯಾರಾಶೂಟ್ ಪದಾತಿದಳ, ಸ್ಪೆಷಲ್ ಫೋರ್ಸಸ್ ಆದದ್ದು ಬಹಳ ವರ್ಷಗಳ ನಂತರ. ಈಗಿನ ಹೆಸರು ನೋಡಿ ಮನೆಯವರು ‘ಕಮಾಂಡೊ’ ಅಂದುಕೊಂಡಿರುವುದು ಸಹಜ.

ಮೂರನೇ ಸಾಧ್ಯತೆಯೂ ಇದೆ, ನನಗೆ ಇದೇ ಮುಖ್ಯ ಅನ್ನಿಸುತ್ತದೆ. ನೆಲದ ಮೇಲೆ ಉತ್ತರದಿಂದ ಬಂದು ಪೂಂಗ್ಲಿಯಲ್ಲಿ 2 ಪ್ಯಾರಾವನ್ನು ಕೂಡಿಕೊಂಡದ್ದು 1 ಮರಾಠಾ, ಅಂದರೆ ಮರಾಠಾ ಲೈಟ್ ಇನ್‌ಫಂಟ್ರಿಯ 1ನೇ ಬೆಟಾಲಿಯನ್, ಜಂಗಿ ಪಲ್ಟನ್ ಅಂತ ಕರೆಯುವುದು. ‘ಮರಾಠಾ, ಟಾಂಗೈಲ್, ಸೇತುವೆ’ ಮೂರೂ ಇವರಿಗೂ ಹೊಂದುತ್ತದೆ, ಪದಕವೂ ಅದೇ ಪೂರ್ವಿ ಸ್ಟಾರ್. ಅಜ್ಜಿಯ ಹತ್ತಿರ ಕೇಳುವಾಗ ‘ಟಾಂಗೈಲ್ ಅಲ್ವಾ ಅಜ್ಜಿ?’ ಅಂತ ನೀವೇ ಹೆಸರು ಹೇಳಿಕೊಡಬೇಡಿ. ‘ಅಜ್ಜ ಪಲ್ಟನ್ನಿಗೆ ಏನಂತ ಕರೀತಿದ್ರು, ಪತ್ರ ಯಾವ ವಿಳಾಸಕ್ಕೆ ಬರೀತಿದ್ರಿ, ಆಗ್ರಾದಾಗ ಎಷ್ಟು ದಿನ ಇದ್ರು’ ಅಂತ ಕೇಳಿ (ಜಿಗಿತದ ತರಬೇತಿ ಆಗುತ್ತಿದ್ದದ್ದು ಆಗ್ರಾದಲ್ಲಿ). ಕಾಕಾ ಅವರನ್ನು ಬೇರೆಯಾಗಿ ಕೇಳಿ. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಗಟ್ಟಿಯಾಗಿ ಮಾತಾಡಿದವರ ಕಥೆಯೇ ಉಳಿಯುತ್ತದೆ.

ಫೋಂಡಾದಿಂದ (ಗೋವಾ)

ರೆಕ್ಕೆ ಬಗ್ಗೆ ಒಂದು ಮಾತು. ಅದು ಆಗ್ರಾದಲ್ಲಿ ಜಿಗಿತದ ತರಬೇತಿ ಮುಗಿಸಿದವರ ಗುರುತು, ಅಷ್ಟೇ. ಪ್ಯಾರಾ ಫೀಲ್ಡ್ ಆಂಬುಲೆನ್ಸ್, ಎಂಜಿನಿಯರ್, ತೋಪಖಾನೆಯವರಿಗೂ ಇರುತ್ತದೆ. ರೆಕ್ಕೆ ಇದ್ದರೆ ಜಂಗಿ ಪಲ್ಟನ್ ಸಾಧ್ಯತೆ ಕಡಿಮೆ, ಆದರೆ ಅದರಿಂದ 2 ಪ್ಯಾರಾ ಅಂತಲೂ ಆಗದು, ಕಮಾಂಡೊ ಅಂತಲೂ ಆಗದು. ಪೇಪರ್ ಕಟಿಂಗ್ ಪುರಾವೆಗೆ ಬರುವುದಿಲ್ಲ: ಟಾಂಗೈಲ್ ಜಿಗಿತ ಅಂತ ಆಗ ಪ್ರಕಟವಾದ ಪ್ರಸಿದ್ಧ ಚಿತ್ರ ಆಗ್ರಾದ ಹಿಂದಿನ ಅಭ್ಯಾಸದ್ದು.

ಫೋಟೊ ಅಂಟು ಹಾಳೆಯ ಆಲ್ಬಂನಲ್ಲಿದ್ದರೆ ಕಿತ್ತು ತೆಗೆಯಬೇಡಿ, ಮೇಲ್ಪದರ ಎದ್ದು ಬರುತ್ತದೆ. ಹಾಳೆ ಸಮೇತ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ. ಬಿಡಿಯಾಗಿದ್ದರೆ ಹಿಂಭಾಗವನ್ನೂ ಮಾಡಿ, ಸ್ಟುಡಿಯೊ ಮುದ್ರೆಯಲ್ಲಿ ಊರು ಸಿಗಬಹುದು. ಲ್ಯಾಮಿನೇಶನ್ ಬೇಡವೇ ಬೇಡ.

ಅಜ್ಜ ಸೇನೆಗೆ ಸೇರಿದ್ದು 1961ಕ್ಕಿಂತ ಮುಂಚೆಯಾ? 2 ಪ್ಯಾರಾ ಆ ವರ್ಷ ಗೋವಾ ವಿಮೋಚನೆಯಲ್ಲಿ 50 ಪ್ಯಾರಾ ಬ್ರಿಗೇಡಿನ ಜೊತೆ ನಮ್ಮ ಫೋಂಡಾ ಮೂಲಕವೇ ಬಂದಿತ್ತು. ಅದು ನೆಲದ ಮೇಲಿನ ಕಾರ್ಯಾಚರಣೆ, ಜಿಗಿತ ಇರಲಿಲ್ಲ. ‘ಗೋವಾ’ ಅನ್ನೋ ಮಾತು ಮನೆಯಲ್ಲಿ ಬಂದಿದ್ದರೆ ಅದೂ ಒಂದು ಸುಳಿವು.

ಹಡಪ್ಸರ್ ಮೊಮ್ಮಗ

ಅಜ್ಜಿ ‘ಗೋವಾ’ ಅಂತಿರ್ತಾರ, ನಾವು ತಿರುಗಾಡಾಕ ಹೋಗಿದ್ರು ಅನ್ಕೊಂಡಿದ್ವಿ! ಪತ್ರ ಬೆಳಗಾವಿಗೆ ಬರೀಬೇಕಾ, ಬೆಂಗಳೂರಿಗಾ?

ಖಡಕಿ ಕನ್ನಡಿಗ

ಭರ್ತಿಯಾದ ಜಾಗ ಲೆಕ್ಕಕ್ಕಿಲ್ಲ, ನಿವೃತ್ತರಾದಾಗ ಯಾವ ರೆಜಿಮೆಂಟ್ ಅನ್ನುವುದು ಲೆಕ್ಕ. ಮರಾಠಾ ಆದರೆ ಬೆಳಗಾವಿಯ ರೆಕಾರ್ಡ್ಸ್ ಆಫೀಸ್, ಪ್ಯಾರಾ ಆದರೆ ಬೆಂಗಳೂರಿನದು. ಅಜ್ಜಿಯ ಪಿಪಿಒನಲ್ಲೇ ಆರ್ಮಿ ನಂಬರ್, ರೆಕಾರ್ಡ್ಸ್ ಆಫೀಸ್ ಎರಡೂ ಇರುತ್ತವೆ. ನಂಬರನ್ನು ಪದಕದ ಅಂಚಿನ ಜೊತೆ ತಾಳೆ ನೋಡಿ. ಒಂದು ಅಂಕಿ ತಪ್ಪಿದರೂ ‘ಇಂಥವರು ಇಲ್ಲ’ ಅಂತ ಉತ್ತರ ಬರುತ್ತದೆ.

ಅರ್ಜಿ ನಿಮ್ಮ ಹೆಸರಲ್ಲಿ ಬೇಡ, ಅಜ್ಜಿಯ ಹೆಸರಲ್ಲಿ, ಅವರ ಸಹಿ ಅಥವಾ ಹೆಬ್ಬೆಟ್ಟಿನೊಂದಿಗೆ ಹೋಗಲಿ. ಪಿಪಿಒ, ಆಧಾರ್, ಅಜ್ಜನ ಮರಣ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. ‘ಯುದ್ಧದಲ್ಲಿ ಏನು ಮಾಡಿದರು ತಿಳಿಸಿ’ ಅಂತ ಬರೆದರೆ ಕೆಲಸ ಕೆಡುತ್ತದೆ. ಸೇವಾ ಕಡತದಲ್ಲಿ ಕಥೆ ಇರುವುದಿಲ್ಲ, ಮೇಲಾಗಿ ಭದ್ರತೆಯ ಕಾರಣ ಕೊಟ್ಟು ನಿರಾಕರಿಸಲು ಅವರಿಗೆ ದಾರಿಯಾಗುತ್ತದೆ. ಭರ್ತಿಯಾದ ದಿನ, ಯಾವ ಯೂನಿಟ್ಟಿನಿಂದ ಯಾವುದಕ್ಕೆ ಯಾವ ದಿನ ವರ್ಗ, ಪ್ಯಾರಾ ಅರ್ಹತೆ ಪಡೆದ ದಿನ, ಅರ್ಹವಾದ ಪದಕಗಳ ಪಟ್ಟಿ, ನಿವೃತ್ತಿಯ ದಿನ, ಇಷ್ಟೇ ಕೇಳಿ. ಉತ್ತರ ಬಾರದಿದ್ದರೆ ಆರ್‌ಟಿಐ: ಶುಲ್ಕ ₹10, ಉತ್ತರಕ್ಕೆ 30 ದಿನ.

ಪೆನ್ಶನ್ ಇಲ್ಲದೆ ಬಿಟ್ಟವರ ಸೇವಾ ಕಡತ (ಶೀಟ್ ರೋಲ್) 25 ವರ್ಷಕ್ಕೆ ನಾಶ ಮಾಡುತ್ತಾರೆ, ಲಾಂಗ್ ರೋಲ್, ಅಂದರೆ ಭರ್ತಿಯಾದವರ ಸಂಕ್ಷಿಪ್ತ ನಮೂದಿನ ಪಟ್ಟಿ, ಮಾತ್ರ ಉಳಿಯುತ್ತದೆ. ನಿಮ್ಮ ಅಜ್ಜಿಗೆ ಪೆನ್ಶನ್ ಬರುತ್ತಿರುವುದರಿಂದ ಕಡತ ಸಿಗುವ ಸಾಧ್ಯತೆ ಚೆನ್ನಾಗಿದೆ. ಅರ್ಜಿಯಲ್ಲಿ ‘ಶೀಟ್ ರೋಲ್ ಇಲ್ಲದಿದ್ದರೆ ಲಾಂಗ್ ರೋಲ್‌ನ ನಮೂದು ಕೊಡಿ’ ಅಂತ ಒಂದು ಸಾಲು ಈಗಲೇ ಸೇರಿಸಿ, ಎರಡನೇ ಸಲ ಬರೆಯುವುದು ತಪ್ಪುತ್ತದೆ.