ಪದಚರ್ಚೆ: ಉಲ್ಲನ್ ಇಡುಗಂಟು ಮತ್ತು ಕಡ್ಡಿ ಮೇಲಿನ ಕೆಲಸ

ಗೆಳೆಯರೇ,

ಹೆಣಿಗೆ ಹಾಕುವವರು ಮನೆಯಲ್ಲಿ ಕೂಡಿಟ್ಟುಕೊಳ್ಳುವ ನೂಲಿನ ರಾಶಿಗೆ ಕನ್ನಡದಲ್ಲಿ ಏನನ್ನಬಹುದು? ಇಂಗ್ಲಿಷಿನಲ್ಲಿ ‘ಸ್ಟ್ಯಾಶ್’ ಅಂತಾರೆ. ಆ ಮಾತಿನಲ್ಲಿ ಸ್ವಲ್ಪ ಬಚ್ಚಿಟ್ಟ ಭಾವ ಇದೆ. ಬಣ್ಣ ನೋಡಿ ಆಸೆಯಿಂದ ಕೊಂಡದ್ದು, ಯಾವತ್ತಾದರೂ ಬೇಕಾಗುತ್ತೆ ಅಂತ ಎತ್ತಿಟ್ಟದ್ದು, ಮನೆಯವರ ಕಣ್ಣಿಗೆ ಬೀಳದ ಹಾಗೆ ಸೂಟ್‌ಕೇಸಿಗೆ ತುರುಕಿದ್ದು ಎಲ್ಲವೂ ಅದರೊಳಗೆ ಬರುತ್ತದೆ. ಹೆಣಿಗೆ ಕಲಿಯುವವರಿಗೆ ಅಂತ ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಹೆಣೆಯುವುದನ್ನು ವಿವರಿಸುವುದು ಅಷ್ಟು ಕಷ್ಟವಾಗಲಿಲ್ಲ, ಇಂಥ ಸಣ್ಣ ಪದಗಳೇ ಕಾಲು ಹಿಡಿದು ನಿಲ್ಲಿಸಿವೆ.

ಮೊದಲು ಹೊಳೆದದ್ದು ‘ದಾಸ್ತಾನು’. ಅರ್ಥ ಸರಿ ಹೋಗುತ್ತದೆ, ಆದರೆ ಕಿವಿಗೆ ಗೋದಾಮಿನ ಹಾಗೆ ಕೇಳುತ್ತದೆ. ಪತ್ರಿಕೆ ಓದುವವರಿಗೆ ದಾಸ್ತಾನು ಅಂದರೆ ರಸಗೊಬ್ಬರ ಇಲ್ಲವೇ ಪಡಿತರ ಅಕ್ಕಿ. ಹಿಂದೆ ‘ಅಕ್ರಮ’ ಅಂತ ಒಂದು ಸೇರಿಕೊಂಡಿರುವುದೇ ಜಾಸ್ತಿ. (ಕೆಲವು ಮನೆಗಳ ಉಲ್ಲನ್ ಬೀರು ನೋಡಿದರೆ ಅದೂ ತಪ್ಪಲ್ಲ ಅನಿಸುತ್ತದೆ.) ‘ಸಂಗ್ರಹ’ ಅಂದರೆ ನಾಣ್ಯ, ಅಂಚೆಚೀಟಿ. ಅವನ್ನು ಜೋಡಿಸಿಟ್ಟು ನೋಡುತ್ತೇವೆ, ಖರ್ಚು ಮಾಡುವುದಿಲ್ಲ. ಉಲ್ಲನ್ ಖರ್ಚಾಗಬೇಕಾದ ವಸ್ತು. ಖರ್ಚಾಗುತ್ತಿಲ್ಲ ಅನ್ನುವುದೇ ಅಲ್ವಾ ತೊಂದರೆ!

ಉತ್ತರ ಕರ್ನಾಟಕದ ‘ಹಗೇವು’ ಕೂಡ ಮನಸ್ಸಿಗೆ ಬಂತು. ಜೋಳವನ್ನು ನೆಲದೊಳಗೆ ತುಂಬಿ, ಮೇಲೆ ಮಣ್ಣು ಮುಚ್ಚಿ ಇಡುವ ಗುಂಡಿ ಅದು. ಬಚ್ಚಿಟ್ಟ ಭಾವ ಚೆನ್ನಾಗಿ ಕೂರುತ್ತದೆ. ಆದರೆ ಹಗೇವು ಇಡುವ ಜಾಗದ ಹೆಸರು, ಇಟ್ಟ ಮಾಲಿನದ್ದಲ್ಲ. ಅದೂ ಅಲ್ಲದೆ ಹಗೇವನ್ನು ನೋಡಿದವರೇ ಈಗ ಕಡಿಮೆ.

ನನ್ನ ಒಲವು ‘ಗಂಟು’ ಪದದ ಕಡೆ. ಕೌದಿ ಹೊಲಿಯುವ ಮನೆಗಳಲ್ಲಿ ಹಳೇ ಸೀರೆ, ಧೋತರದ ತುಂಡುಗಳನ್ನೆಲ್ಲ ಒಂದು ಗಂಟು ಕಟ್ಟಿ ಇಟ್ಟಿರುತ್ತಾರೆ. ಸಾಕಷ್ಟು ಸೇರಿದ ಮೇಲೆ ಬಿಚ್ಚಿ, ಬಣ್ಣ ನೋಡಿ ಜೋಡಿಸಿ ಕೌದಿ ಮಾಡುತ್ತಾರೆ. ಇಂಗ್ಲಿಷಿನವರ ಸ್ಟ್ಯಾಶ್ ಕೂಡ ಇದೇ ಕೆಲಸ ಮಾಡುತ್ತದೆ. ಜೊತೆಗೆ ‘ಚೆನ್ನಾಗಿ ಗಂಟು ಮಾಡಿಟ್ಟಿದ್ದಾಳೆ’ ಅಂದಾಗ ಬರುವ ಗುಟ್ಟೂ ಇದೆ. ತೊಡಕು ಒಂದೇ. ಹೆಣಿಗೆಯಲ್ಲಿ ಗಂಟು ಅಂದರೆ ದಾರಕ್ಕೆ ಬೀಳುವ ಗಂಟೂ ಹೌದು. ‘ನಿಮ್ಮ ಗಂಟನ್ನು ಬಿಚ್ಚಿ’ ಅಂತ ಕೈಪಿಡಿಯಲ್ಲಿ ಬರೆದರೆ ಓದುವವರು ಯಾವುದನ್ನು ಬಿಚ್ಚಬೇಕು?

ಹಾಗಾಗಿ ‘ಇಡುಗಂಟು’ ಅಂತ ಇಟ್ಟುಕೊಂಡಿದ್ದೇನೆ. ಇಟ್ಟ ಗಂಟು, ಅಂದರೆ ಕೂಡಿಟ್ಟದ್ದು. ಇಲ್ಲೂ ಒಂದು ಪ್ರಶ್ನೆ ಇದೆ. ಅಂಗನವಾಡಿ ಕಾರ್ಯಕರ್ತೆಯರಿಗೆ ನಿವೃತ್ತಿಯಾದಾಗ ಕೊಡುವ ಹಣದ ಸುದ್ದಿಗಳಲ್ಲಿ ‘ಇಡುಗಂಟು’, ‘ಇಡಿಗಂಟು’ ಎರಡೂ ಕಾಣಿಸುತ್ತವೆ. ನನಗೆ ಇವು ಬೇರೆ ಬೇರೆ ಅನಿಸುತ್ತದೆ. ಕಂತಿಲ್ಲದೆ ಒಟ್ಟಿಗೆ ಇಡಿಯಾಗಿ ಕೊಡುವುದು ಇಡಿಗಂಟು. ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಇಟ್ಟದ್ದು ಇಡುಗಂಟು. ಬಳಕೆಯಲ್ಲಿ ಎರಡೂ ಕಲಸಿಹೋಗಿವೆ. ನಿಮ್ಮ ಕಡೆ ಮಾತಿನಲ್ಲಿ ಯಾವುದು ಕೇಳಿಬರುತ್ತದೆ? ಹಣ ಬಿಟ್ಟು ಬೇರೆ ವಸ್ತುವಿಗೆ ಇಡುಗಂಟು ಅಂದದ್ದನ್ನು ಯಾರಾದರೂ ಕೇಳಿದ್ದೀರಾ?

ಒಬ್ಬ ಮನುಷ್ಯ ಬದುಕಿರುವಷ್ಟು ಕಾಲ ಹೆಣೆದರೂ ಮುಗಿಯದ ರಾಶಿಗೆ ಇಂಗ್ಲಿಷಿನವರು ‘ಸೇಬಲ್’ ಅಂತ ತಮಾಷೆಯ ಹೆಸರಿಟ್ಟಿದ್ದಾರೆ (‘ಆಯುಷ್ಯ ಮೀರಿದ ಸ್ಟ್ಯಾಶ್’ ಅನ್ನುವ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳು). ಅದಕ್ಕೆ ಹೊಸ ಪದ ಹುಡುಕುವ ಗೋಜೇ ಬೇಡ. ‘ಏಳು ತಲೆಮಾರು ಕೂತು ಹೆಣೆಯುವಷ್ಟು’ ಅಂದರೆ ನಮ್ಮವರಿಗೆ ತಕ್ಷಣ ತಿಳಿಯುತ್ತದೆ.

ಇನ್ನು ರಾಶಿಯಲ್ಲಿರುವ ಮಾಲಿನ ಹೆಸರು. ಅಂಗಡಿಯಲ್ಲಿ ಎಲ್ಲರೂ ಕೇಳುವುದು ‘ಉಲ್ಲನ್’. ಸುತ್ತಿರುವ ಚೀಟಿ ನೋಡಿದರೆ ನೂರಕ್ಕೆ ನೂರು ಅಕ್ರಿಲಿಕ್. ಕುರಿಗೂ ಅದಕ್ಕೂ ಸಂಬಂಧವೇ ಇಲ್ಲ. ಕುರಿಯದ್ದಕ್ಕೆ ‘ಉಣ್ಣೆ’ ಇದೆ, ಕುರುಬರ ಮಾತಿನಲ್ಲಿ ‘ತುಪ್ಪಟ’ ಇದೆ. ಹಾಗಂತ ಉಲ್ಲನ್ ತಪ್ಪು, ಉಣ್ಣೆ ಅನ್ನಿ ಅಂತ ತಿದ್ದಲು ಹೊರಟರೆ ಕೆಲಸ ಕೆಡುತ್ತದೆ. ಬಳಕೆ ತಾನೇ ಒಂದು ಗೆರೆ ಎಳೆದಿದೆ. ಕಂಬಳಿ ಉಣ್ಣೆಯದು, ಸ್ವೆಟರ್ ಉಲ್ಲನ್ನಿನದು. ಅಕ್ರಿಲಿಕ್ಕಿಗೆ ನುಸಿ ಹತ್ತುವುದಿಲ್ಲ, ಉಣ್ಣೆಗೆ ಹತ್ತುತ್ತದೆ. ಆದ್ದರಿಂದ ಇಡುಗಂಟಿನಲ್ಲಿ ಯಾವ ಚೀಲಕ್ಕೆ ನುಸಿಗುಳಿಗೆ ಬೇಕು, ಯಾವುದಕ್ಕೆ ಬೇಡ ಅನ್ನುವುದಕ್ಕೂ ಈ ಎರಡು ಪದ ಉಪಯೋಗಕ್ಕೆ ಬರುತ್ತವೆ.

ಮಜಾ ಅಂದರೆ ಎರಡೂ ಒಂದೇ ಬೇರಿನವು. ಸಂಸ್ಕೃತದ ‘ಊರ್ಣಾ’ ಪ್ರಾಕೃತದಲ್ಲಿ ‘ಉಣ್ಣಾ’ ಆಗಿ ನಮ್ಮಲ್ಲಿ ‘ಉಣ್ಣೆ’ ಆಯಿತು. ಇಂಗ್ಲಿಷಿನ ‘ವುಲ್’ ಅದೇ ಮೂಲದಿಂದ ಯುರೋಪಿನ ದಾರಿ ಹಿಡಿದು ಹೋಗಿ, ಕೊನೆಗೆ ಲೂಧಿಯಾನದ ಉಂಡೆಗಳ ಜೊತೆ ನಮ್ಮ ಮನೆಗೆ ಬಂತು. ದನದ ಮೈಗೆ ಕಚ್ಚುವ ‘ಉಣ್ಣೆ’ ಬೇರೆ, ಅದನ್ನು ಇಲ್ಲಿಗೆ ತರಬೇಡಿ.

ಒಂದೇ ಸಲ ಬಣ್ಣ ಹಾಕಿದ ನೂಲಿಗೆ ‘ಲಾಟ್ ನಂಬರ್’ ಅಂತ ಇರುತ್ತದೆ. ಶೇಡ್ ನಂಬರ್ ಒಂದೇ ಇದ್ದು ಲಾಟ್ ಬೇರೆಯಾದರೆ, ಟ್ಯೂಬ್‌ಲೈಟಿನಲ್ಲಿ ಎರಡು ಉಂಡೆ ಒಂದೇ ಥರ ಕಾಣಬಹುದು. ಹೆಣೆದು ಬಿಸಿಲಿಗೆ ಹಿಡಿದಾಗ ಮೈ ಒಂದು ಬಣ್ಣ, ತೋಳು ಇನ್ನೊಂದು. ಇದಕ್ಕೆ ಅಡುಗೆಮನೆಯಲ್ಲೇ ಪದ ಇದೆ ಅಂತ ನನ್ನ ನಂಬಿಕೆ. ‘ಒಂದು ಈಡು ಇಡ್ಲಿ’, ‘ಒಂದು ಒಬ್ಬೆ ಬೋಂಡ’ ಅಂತೀವಲ್ಲ, ಹಾಗೇ ‘ಒಂದೇ ಈಡಿನ ಉಲ್ಲನ್’. ‘ಸ್ವೆಟರಿಗೆ ಬೇಕಾದಷ್ಟೂ ಒಂದೇ ಈಡಿನದು ತಗೊಳ್ಳಿ’ ಅಂದರೆ ಅಂಗಡಿಯವರಿಗೆ ಗೊತ್ತಾಗದಿದ್ದರೂ ಕೊಳ್ಳುವವರಿಗೆ ಗೊತ್ತಾಗುತ್ತದೆ.

ಎರಡನೇ ಪ್ರಶ್ನೆ, ಕೈಯಲ್ಲಿರುವ ಕೆಲಸಗಳದ್ದು. ಒಂದು ಮುಗಿಯುವ ಮೊದಲೇ ಇನ್ನೊಂದು ಶುರು ಮಾಡುವುದು ಹೆಣೆಯುವವರ ಹುಟ್ಟುಗುಣ. ಟಿವಿ ನೋಡುತ್ತಾ ಹಾಕಲು ಸಾದಾ ಮಫ್ಲರ್, ತಲೆ ಕೊಟ್ಟು ಕೂರಲು ಜಾಲರಿ ಶಾಲು, ಯಾರದ್ದೋ ಬಾಣಂತನಕ್ಕೆ ಕುಲಾವಿ. ಈ ಮೂರೂ ನಡೆಯುತ್ತಿರುತ್ತವೆ. ನೇಕಾರರು ‘ಸೀರೆ ಮಗ್ಗದ ಮೇಲಿದೆ’ ಅಂತಾರೆ. ಅದನ್ನೇ ಹಿಡಿದು ‘ಕಡ್ಡಿ ಮೇಲಿದೆ’ ಅನ್ನಬಹುದು. ‘ಈಗ ಕಡ್ಡಿ ಮೇಲೆ ಏನೇನಿದೆ?’ ಅಂತ ಕೇಳಿದರೆ ಎಷ್ಟು ಸಹಜವಾಗಿದೆ ನೋಡಿ. ಶುರು ಮಾಡಿ ಬಿಟ್ಟದ್ದಕ್ಕೆ ‘ಮೂಲೆಗುಂಪು’ ಸಾಕು. ಆದರೆ ಇವೆರಡರ ನಡುವೆ ಒಂದು ಸ್ಥಿತಿ ಇದೆ. ಕಾಲುಚೀಲ ಒಂದು ಮುಗಿದಿದೆ, ಜೋಡಿಯದ್ದು ಶುರುವೇ ಆಗಿಲ್ಲ. ಕೆಲಸ ಕಡ್ಡಿ ಮೇಲೂ ಇಲ್ಲ, ಮೂಲೆಗೂ ಹೋಗಿಲ್ಲ. ‘ಅರ್ಧಂಬರ್ಧ’ ಅನ್ನೋಣವೆಂದರೆ ಮುಗಿದಿರುವ ಒಂದು ಪೂರ್ತಿ ಮುಗಿದಿದೆ. ‘ಒಂಟಿ’ ಅನ್ನಬಹುದೇ? ಒಂಟಿ ಕಾಲುಚೀಲ ಅಂದರೆ ಒಗೆಯುವಾಗ ಜೋಡಿ ಕಳೆದುಕೊಂಡದ್ದು ಅಂತಾಗಿಬಿಡುತ್ತದೆ.

ಹೆಣೆದದ್ದನ್ನು ಬಿಚ್ಚುವುದಕ್ಕೆ ಇಂಗ್ಲಿಷಿನಲ್ಲಿ ಕಪ್ಪೆಯ ಹೆಸರಿದೆ, ‘ಫ್ರಾಗಿಂಗ್’ ಅಂತ. ‘ರಿಪ್ ಇಟ್, ರಿಪ್ ಇಟ್’ (ಕಿತ್ತು ಬಿಚ್ಚು) ಅನ್ನುವುದು ಅವರ ಕಪ್ಪೆ ಕೂಗಿದ ಹಾಗೆ ಕೇಳುತ್ತದಂತೆ. ನಮ್ಮ ಕಪ್ಪೆ ವಟವಟ ಅನ್ನುತ್ತದೆ, ಆ ಜೋಕು ಇಲ್ಲಿಗೆ ಬರುವುದಿಲ್ಲ. ‘ಬಿಚ್ಚು’ ಸಾಕು.

ಕೊನೆಯದು, ನನಗೆ ನಿಜವಾಗಿ ತಲೆನೋವಾಗಿರುವುದು. ಕಡ್ಡಿ ಮೇಲೆ ಸಾಲಾಗಿ ನಿಲ್ಲುವ ಒಂದೊಂದು ‘ಸ್ಟಿಚ್’ಗೆ ಏನನ್ನಬೇಕು? ‘ಹೊಲಿಗೆ’ ಆಗುವುದಿಲ್ಲ. ಹೊಲಿಗೆಗೆ ಬಟ್ಟೆ ಬೇಕು, ಇಲ್ಲಿ ಬಟ್ಟೆಯೇ ಇನ್ನೂ ಹುಟ್ಟಿಲ್ಲ. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ಒಂದೊಂದು ಹೊಲಿಗೆಗೂ ಹೆಸರಿದೆ. ಆ ಕೆಲಸ ಇಲ್ಲೇ ಬೆಳೆಯಿತು, ಹೆಸರೂ ಜೊತೆಗೇ ಬೆಳೆದವು. ಕಡ್ಡಿ ಹೆಣಿಗೆ ಹೊರಗಿಂದ ಬಂದದ್ದು, ಅದರ ಎರಡು ಮೂಲ ಬಗೆಗಳಾದ ‘ಸೀದಾ’, ‘ಉಲ್ಟಾ’ದಲ್ಲೇ ಕೆಲಸ ಸಾಗಿಸಿಕೊಂಡು ಬಂದಿದ್ದೇವೆ. ಅವೆರಡನ್ನು ನಾನು ಹಾಗೇ ಇಟ್ಟುಕೊಳ್ಳುತ್ತೇನೆ.

ಸ್ಟಿಚ್‌ಗೆ ನನ್ನ ಮುಂದಿರುವುದು ‘ಕುಣಿಕೆ’, ‘ಕಣ್ಣು’, ‘ಕೊಂಡಿ’. ಕುಣಿಕೆ ಅರ್ಥಕ್ಕೆ ಸರಿ, ಆದರೆ ನೇಣಿನ ನೆನಪು ಬರುತ್ತದೆ. ‘ಕಡ್ಡಿಗೆ ನಲವತ್ತು ಕುಣಿಕೆ ಹಾಕಿ’ ಅಂತ ಮಗುವಿನ ಟೋಪಿಗೆ ಬರೆಯಲು ಕೈ ಬರುವುದಿಲ್ಲ. ಕಣ್ಣು ಬಲೆಯಲ್ಲಿದೆ. ಆದರೆ ಬಲೆಯ ಕಣ್ಣು ಅಂದರೆ ನಡುವಿನ ತೂತು, ಸುತ್ತಲಿನ ದಾರ ಅಲ್ಲ. ಕೊಂಡಿ ನನಗೆ ಇಷ್ಟ. ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ (ಮಗ್ಗದಲ್ಲಿ ಉದ್ದಕ್ಕೆ ಎಳೆದ ಎಳೆಗಳು) ಸೆರಗಿನ ಹಾಸನ್ನೂ ಕೊಂಡಿ ಹಾಕಿಯೇ ಕೂಡಿಸುತ್ತಾರೆ. ಅಲ್ಲಿ ಎಳೆಯೊಳಗೆ ಎಳೆ ಸಿಕ್ಕಿಸುತ್ತಾರೆ. ಹೆಣಿಗೆಯಲ್ಲಿ ನಡೆಯುವುದೂ ಅದೇ. ‘ಒಂದು ಕೊಂಡಿ ಜಾರಿತು’, ‘ಎರಡು ಕೊಂಡಿ ಸೇರಿಸಿ ಒಂದು ಮಾಡಿ’ ಅಂತ ಬರೆದು ನೋಡಿದೆ, ಎಲ್ಲೂ ಮುಗ್ಗರಿಸಲಿಲ್ಲ. ಇಂಟರ್ನೆಟ್ಟಿನ ಲಿಂಕಿಗೂ ಕೊಂಡಿ ಅನ್ನುತ್ತೇವೆ, ಆದರೆ ಸ್ವೆಟರ್ ವಿಷಯದಲ್ಲಿ ಯಾರಿಗೂ ಗೊಂದಲ ಆಗಲಾರದು.

ಹೊರದೇಶದಲ್ಲಿ ಇರುವವರಿಗೆ ಒಂದು ಮಾತು. ಕಡ್ಡಿ ನಂಬರನ್ನು ದಯವಿಟ್ಟು ಮಿಲಿಮೀಟರಿನಲ್ಲಿ ಹೇಳಿ. ಇಲ್ಲಿ ಬಳಕೆಯಲ್ಲಿರುವುದು ಹಳೇ ಬ್ರಿಟಿಷ್ ಲೆಕ್ಕ. ಅದರಲ್ಲಿ 8 ನಂಬರ್ ಅಂದರೆ 4 ಮಿಲಿಮೀಟರ್, 10 ಅಂದರೆ 3.25. ನಂಬರ್ ಏರಿದಷ್ಟೂ ಕಡ್ಡಿ ಸಣ್ಣದು. ಅಮೆರಿಕದ 8 ನಂಬರ್ 5 ಮಿಲಿಮೀಟರ್, ಅಲ್ಲಿ ನಂಬರ್ ಏರಿದರೆ ಕಡ್ಡಿ ದಪ್ಪ. ‘8 ನಂಬರ್ ಕಡ್ಡಿ’ ಅಂತ ಬರೀ ಕನ್ನಡದಲ್ಲಿ ಬರೆದರೆ ಮೈಸೂರಿನಲ್ಲೊಂದು, ನ್ಯೂಜೆರ್ಸಿಯಲ್ಲೊಂದು ಅಳತೆಯ ಸ್ವೆಟರ್ ತಯಾರಾಗುತ್ತದೆ.

ಇಳಕಲ್, ಗುಳೇದಗುಡ್ಡ ಕಡೆಯವರು ‘ಕೊಂಡಿ’ ಬಗ್ಗೆ, ಕರಾವಳಿಯಲ್ಲಿ ಬಲೆ ಹೆಣೆಯುವುದನ್ನು ನೋಡಿದವರು ‘ಕಣ್ಣು’ ಬಗ್ಗೆ ಬರೆದರೆ ಉಪಕಾರ. ಬಲೆಯಲ್ಲಿ ತೂತಿಗೆ ಕಣ್ಣು ಅಂದರೆ, ಅದರ ಸುತ್ತಲಿನ ದಾರಕ್ಕೆ ಏನಂತಾರೆ?