ಅಪ್‌ಡೇಟ್: ಆವರ್ತ ಕೋಷ್ಟಕದ ಪಾಠ ಮುಗಿಯಿತು

ಹತ್ತನೇ ತರಗತಿಗೆ ಆವರ್ತ ಕೋಷ್ಟಕ ಹೇಳಿಕೊಡಲು ಆನ್‌ಲೈನ್‌ನಲ್ಲಿ ಒಳ್ಳೆಯದು ಯಾವುದಿದೆ ಅಂತ ಹೋದ ತಿಂಗಳು ಕೇಳಿದ್ದೆ. ನಮ್ಮ ಗೋಡೆಯ ಚಾರ್ಟ್ ತುಂಬಾ ಹಳೆಯದು. 113ನೇ ಧಾತುವಿಗೆ 2016ರಲ್ಲೇ ನಿಹೋನಿಯಂ ಅಂತ ಹೆಸರು ಬಂದಿದೆ, ಚಾರ್ಟ್‌ನಲ್ಲಿ ಅದು ಇಲ್ಲ.

ನೀವು ಹೇಳಿದ ಪಿಟೇಬಲ್ ಅನ್ನೋ ಆವರ್ತ ಕೋಷ್ಟಕದ ಜಾಲತಾಣ ನಿಜಕ್ಕೂ ಚೆನ್ನಾಗಿದೆ. ಅದರಲ್ಲಿ ತಾಪಮಾನ ಬದಲಿಸಬಹುದು ಅಲ್ವಾ, ಪ್ರೊಜೆಕ್ಟರ್‌ನಲ್ಲಿ ಅದನ್ನೇ ತೋರಿಸಿದೆ. 25 ಡಿಗ್ರಿಯಲ್ಲಿ ಪಾದರಸ, ಬ್ರೋಮಿನ್ ದ್ರವ. ಮೆಲ್ಲಗೆ 30ಕ್ಕೆ ಜರುಗಿಸಿದೆ. ಕೋಷ್ಟಕದಲ್ಲಿ ಸೀಸಿಯಂ, ಗ್ಯಾಲಿಯಂ ಎರಡರ ಬಣ್ಣವೂ ಬದಲಾಯಿತು, ಅಂದರೆ ಅವೂ ದ್ರವವಾದವು. ಹಿಂದಿನ ಬೆಂಚಿನ ಹುಡುಗಿ ತಟ್ಟನೆ ಕೇಳಿದಳು, "ಸರ್, ನಮ್ಮ ರಾಯಚೂರಿನ ಬಿಸಿಲಿಗೆ ಗ್ಯಾಲಿಯಂ ಡಬ್ಬಿಯಲ್ಲೇ ಕರಗಿರುತ್ತಾ?" ಖಂಡಿತ ಕರಗಿರುತ್ತೆ, ಅದಕ್ಕೆ 29.8 ಡಿಗ್ರಿ ಸಾಕು. ಇಷ್ಟು ವರ್ಷದಲ್ಲಿ ಈ ಪಾಠದಲ್ಲಿ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ತುಂಬಾ ಖುಷಿಯಾಯಿತು.

ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿಡಿಯೊಗಳು 118 ಧಾತುಗಳಿಗೂ ಇವೆ. ಶಾಲೆಯ ಇಂಟರ್ನೆಟ್ ಕೈಕೊಟ್ಟಿತು, ಎರಡೇ ತೋರಿಸಲು ಆಗಿದ್ದು.

ಪಬ್‌ಕೆಮ್ ಅನ್ನೋ ರಸಾಯನಶಾಸ್ತ್ರದ ಮಾಹಿತಿ ಜಾಲತಾಣದ ಕೋಷ್ಟಕದ ಅಂಕಿಗಳನ್ನು ಇಳಿಸಿಕೊಂಡು ಮಕ್ಕಳಿಂದ ಅಯಾನೀಕರಣ ಶಕ್ತಿಯ (ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ) ಗ್ರಾಫ್ ಬರೆಸಿದೆ. ಹೀಲಿಯಂ, ನಿಯಾನ್, ಆರ್ಗಾನ್ ಶಿಖರದಂತೆ ಎದ್ದು ನಿಂತವು. ಒಂದು ಮಾತು: ಅಲ್ಲಿರುವ ಪರಮಾಣು ತ್ರಿಜ್ಯ ವ್ಯಾನ್ ಡರ್ ವಾಲ್ಸ್ ತ್ರಿಜ್ಯ, ಅಂದರೆ ಬಂಧವಿಲ್ಲದೆ ಪಕ್ಕಪಕ್ಕ ಇರುವ ಪರಮಾಣುಗಳ ಅಂತರದಿಂದ ಲೆಕ್ಕ ಹಾಕಿದ್ದು. ಪಠ್ಯದ ಅಂಕಿಗೆ ಹೊಂದದೆ ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ, ಅದನ್ನು ಬಿಟ್ಟುಬಿಡಿ.

ಉತ್ತರ ಕೊಟ್ಟ ಎಲ್ಲ ಮೇಷ್ಟ್ರಿಗೂ ಮೇಡಂಗಳಿಗೂ ಧನ್ಯವಾದ.